ವೈ-ಫೈ ಪಟ್ಟಿಯಿಂದ ‘5ಜಿ’ ಮಾಯವೇ? ಹೊಸ ರೌಟರ್ ಕೊಳ್ಳುವ ಮುನ್ನ ಇದನ್ನು ಓದಿ

ನಿನ್ನೆಯವರೆಗೆ ಮೊಬೈಲ್‌ನ ವೈ-ಫೈ ಪಟ್ಟಿಯಲ್ಲಿ ಮನೆಯ ರೌಟರ್‌ನ ಎರಡು ಹೆಸರುಗಳು ಕಾಣುತ್ತಿದ್ದವು. ಇಂದು ಬೆಳಿಗ್ಗೆ ನೋಡಿದರೆ, ಕೊನೆಗೆ ‘5ಜಿ’ ಎಂದಿದ್ದ ಹೆಸರು ಕಾಣೆಯಾಗಿದೆ. ರೌಟರ್ ಕೆಟ್ಟಿತೆಂದು ಸಾವಿರಾರು ರೂಪಾಯಿ ತೆತ್ತು ಹೊಸದನ್ನು ತರುವವರಿದ್ದಾರೆ. ಅಷ್ಟು ಅವಸರ ಬೇಡ.

ಈ ‘5ಜಿ’ಗೂ ಮೊಬೈಲ್ ಕಂಪನಿಗಳ 5ಜಿ ಸೇವೆಗೂ ಸಂಬಂಧವಿಲ್ಲ. ಇದು 5 ಗಿಗಾಹರ್ಟ್ಸ್ ತರಂಗಾಂತರದ ಸಂಕ್ಷೇಪ. 2.4 ಗಿಗಾಹರ್ಟ್ಸ್‌ಗಿಂತ ಇದರ ವೇಗ ಹೆಚ್ಚು. ಆದರೆ ಗೋಡೆಗಳು ಎದುರಾದರೆ ಬೇಗ ಸೊರಗುತ್ತದೆ. ಆದ್ದರಿಂದ ಮೊದಲು ರೌಟರ್‌ನ ಪಕ್ಕದಲ್ಲೇ ನಿಂತು, ಎರಡು ಬೇರೆ ಬೇರೆ ಮೊಬೈಲ್‌ಗಳಲ್ಲಿ ಹುಡುಕಬೇಕು. ಒಂದರಲ್ಲಿ ಕಂಡು ಇನ್ನೊಂದರಲ್ಲಿ ಕಾಣದಿದ್ದರೆ ರೌಟರ್ ನಿರಪರಾಧಿ. ಕಾಣದಿರುವ ಉಪಕರಣಕ್ಕೆ ಈ ತರಂಗಾಂತರವೇ ತಿಳಿಯದಿರಬಹುದು, ಇಲ್ಲವೇ ರೌಟರ್ ಆರಿಸಿಕೊಂಡ ಚಾನೆಲ್ ತಿಳಿಯದಿರಬಹುದು. ಭಾರತದಲ್ಲಿ 5470ರಿಂದ 5725 ಮೆಗಾಹರ್ಟ್ಸ್‌ವರೆಗಿನ ಭಾಗ ವೈ-ಫೈಗೆ ಪರವಾನಗಿರಹಿತವಾಗಿ ಮುಕ್ತವಾದದ್ದು 2018ರ ಅಕ್ಟೋಬರ್‌ನಲ್ಲಿ.

ಯಾವ ಮೊಬೈಲ್‌ನಲ್ಲೂ ಕಾಣದಿದ್ದರೆ ರೇಡಾರ್ ಕಾರಣವಾಗಿರಬಹುದು! 52ರಿಂದ 144ರವರೆಗಿನ ಚಾನೆಲ್‌ಗಳನ್ನು ಹವಾಮಾನ ಹಾಗೂ ಇತರ ರೇಡಾರ್‌ಗಳೂ ಬಳಸುತ್ತವೆ. ಡಿಎಫ್‌ಎಸ್ ವ್ಯವಸ್ಥೆಯುಳ್ಳ ರೌಟರ್ ಈ ಚಾನೆಲ್‌ಗಳಲ್ಲಿ ಪ್ರಸಾರ ಆರಂಭಿಸುವ ಮುನ್ನ ಕನಿಷ್ಠ 1 ನಿಮಿಷ ಮೌನವಾಗಿ ಆಲಿಸುತ್ತದೆ. ಕರೆಂಟ್ ಹೋಗಿ ಬಂದೊಡನೆ ‘5ಜಿ’ ಕಾಣದಿರುವುದು ಇದರಿಂದಲೇ ಇರಬಹುದು. ರೇಡಾರ್ ಸದ್ದು ಕೇಳಿಸಿತೋ, ರೌಟರ್ ಆ ಚಾನೆಲ್ ತೊರೆದು 30 ನಿಮಿಷ ಅತ್ತ ಸುಳಿಯದು. ರೌಟರ್‌ನ ಅಡಿಯ ಚೀಟಿಯಲ್ಲಿರುವ ವಿಳಾಸವನ್ನು ಬ್ರೌಸರ್‌ನಲ್ಲಿ ತೆರೆದು, 5 ಗಿಗಾಹರ್ಟ್ಸ್ ಚಾನೆಲನ್ನು ‘ಆಟೋ’ದಿಂದ 36, 40, 44 ಅಥವಾ 48ಕ್ಕೆ ಬದಲಿಸಿದರೆ ಈ ಕಾಟ ತಪ್ಪುತ್ತದೆ. ಚಾನೆಲ್ ಅಗಲವನ್ನು 160ರಿಂದ 80 ಮೆಗಾಹರ್ಟ್ಸ್‌ಗೆ ಇಳಿಸುವುದನ್ನೂ ಮರೆಯಬಾರದು.

ಅದೇ ಪುಟದಲ್ಲಿ ‘ಸ್ಮಾರ್ಟ್ ಕನೆಕ್ಟ್’ ಎಂಬ ಆಯ್ಕೆ ಚಾಲನೆಯಲ್ಲಿದ್ದರೆ ಎರಡೂ ತರಂಗಾಂತರಗಳು ಒಂದೇ ಹೆಸರಿನಲ್ಲಿ ಬೆರೆತಿರುತ್ತವೆ. ಆಗ ಮಾಯವಾದದ್ದು ಹೆಸರಷ್ಟೆ.

ಹಿಂಬದಿಯ ಸಣ್ಣ ರಂಧ್ರಕ್ಕೆ ಪಿನ್ನು ಚುಚ್ಚಿ ‘ರೀಸೆಟ್’ ಮಾಡುವುದು ಕಟ್ಟಕಡೆಯ ಉಪಾಯ. ಬ್ರಾಡ್‌ಬ್ಯಾಂಡ್ ಕಂಪನಿ ನೀಡಿದ ಯೂಸರ್ ನೇಮ್, ಪಾಸ್‌ವರ್ಡ್ ಕೂಡ ಇದರಿಂದ ಅಳಿಸಿಹೋಗಬಹುದು. ಬರೆದಿಟ್ಟುಕೊಳ್ಳದಿದ್ದರೆ ಇದ್ದ ಇಂಟರ್‌ನೆಟ್ಟೂ ಹೋದೀತು. ಇಷ್ಟಾದರೂ ‘5ಜಿ’ ದೀಪ ಉರಿಯದಿದ್ದರೆ ಒಳಗಿನ ಬಿಡಿಭಾಗ ಕೆಟ್ಟಿರುವ ಸಾಧ್ಯತೆ ಹೆಚ್ಚು. ಆಗಲೂ ಅಂಗಡಿಗೆ ಹೋಗುವ ಮುನ್ನ ವಾರಂಟಿ ಚೀಟಿ ಹುಡುಕಿ. ರೌಟರ್ ಬ್ರಾಡ್‌ಬ್ಯಾಂಡ್ ಕಂಪನಿಯದೇ ಆಗಿದ್ದರೆ ಬದಲಿಸಿಕೊಡುವಂತೆ ಅವರನ್ನೇ ಕೇಳಿ.