ಮನೆ ಮಾರಿ ನೋಡು

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದರು. “ಮನೆ ಮಾರಿ ನೋಡು” ಎಂದು ಮಾತ್ರ ಹೇಳಲಿಲ್ಲ. ಅವರ ಕಾಲದಲ್ಲಿ ಮನೆ ಮಾರುವವನು ಒಂದೋ ಸಾಲದಲ್ಲಿ ಮುಳುಗಿದವನು, ಇಲ್ಲವೇ ದಾಯಾದಿಗಳೊಡನೆ ಜಗಳವಾಡಿ ಊರು ಬಿಟ್ಟವನು. ಅಂಥವನ ಅನುಭವವನ್ನು ಗಾದೆ ಮಾಡಿ ಹೇಳುವ ಅಗತ್ಯ ಅವರಿಗೆ ಕಂಡಿರಲಾರದು.

ನಾನು ಈ ಎರಡು ವರ್ಗಕ್ಕೂ ಸೇರಿದವನಲ್ಲ. ಆದರೂ ನಮ್ಮ ತಂದೆಯವರು ಕುಶಾಲನಗರದಲ್ಲಿ ಕಟ್ಟಿಸಿದ ಮನೆಯನ್ನು ಮಾರುವ ಪ್ರಸಂಗ ನನಗೆ ಬಂದಿತು. ತಂದೆಯವರು ಶಾಲೆಯ ಉಪಾಧ್ಯಾಯರಾಗಿದ್ದರು. ಸಂಬಳದಲ್ಲಿ ಉಳಿಸಿದ ಹಣದಿಂದ 1988ರಲ್ಲಿ ಕಾವೇರಿಯ ದಡಕ್ಕೆ ಸಮೀಪದಲ್ಲಿ ಮಂಗಳೂರು ಹೆಂಚಿನ ಮನೆಯೊಂದನ್ನು ಕಟ್ಟಿಸಿದರು. ಅವರು ತೀರಿಕೊಂಡ ಮೇಲೆ ಮೂರು ವರ್ಷ ನಮ್ಮ ತಾಯಿ ಅಲ್ಲಿ ಒಬ್ಬರೇ ಇದ್ದರು. ನನ್ನ ಕಾಲೇಜು ಮೈಸೂರಿನಲ್ಲಿ. ಅಕ್ಕನ ಸಂಸಾರ ಹಾಸನದಲ್ಲಿ. ತಾಯಿಯ ಮಂಡಿನೋವು ಹೆಚ್ಚಿದಾಗ ಬೇರೆ ದಾರಿ ಉಳಿಯಲಿಲ್ಲ. ಬೇಸಿಗೆ ರಜೆಯ ಒಂದು ತಿಂಗಳನ್ನು ನಾನು ಮನೆಯನ್ನು ಮಾರಾಟಕ್ಕೆ ಸಿದ್ಧಗೊಳಿಸುವುದರಲ್ಲಿ ಕಳೆದೆನು.

ಕಾಗದದಲ್ಲಿರುವ ಮನೆ

ಮನೆಯೆಂದರೆ ಗೋಡೆ, ಮಾಡು, ಬಾಗಿಲು ಎಂದು ನಾನು ತಿಳಿದಿದ್ದೆ. ಮಾರಲು ಹೊರಟಾಗ ಮನೆಯೆಂದರೆ ಕಾಗದವೆಂದು ತಿಳಿಯಿತು. ಕ್ರಯಪತ್ರ, ಅದಕ್ಕೂ ಹಿಂದಿನ ಮೂಲಪತ್ರ, ಖಾತೆ, ಕಂದಾಯ ಕಟ್ಟಿದ ರಸೀದಿಗಳು ಇವಿಷ್ಟು ಮೊದಲು ಬೇಕು. ಮನೆಯ ಯಜಮಾನರು ಉಯಿಲು ಬರೆಯದೆ ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಮತ್ತು ನಾಡಕಚೇರಿಯಿಂದ ಪಡೆದ ವಂಶವೃಕ್ಷ ಬೇಕು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ ಪ್ರಕಾರ ಸ್ವಯಾರ್ಜಿತವಾದ ಅಂಥ ಆಸ್ತಿಯಲ್ಲಿ ಹೆಂಡತಿಗೆ, ಮಗನಿಗೆ, ಮಗಳಿಗೆ ಸಮಪಾಲು. ಆದುದರಿಂದ ಖಾತೆಯು ಮೊದಲು ತಾಯಿ, ಅಕ್ಕ, ನಾನು ಈ ಮೂವರ ಹೆಸರಿಗೆ ಬರಬೇಕಾಯಿತು. “ಮಗನೊಬ್ಬ ಸಹಿ ಹಾಕಿದರೆ ಸಾಕು” ಎಂದು ತಿಳಿದು ಮುಂಗಡ ಪಡೆದವರು ಆಮೇಲೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಕಥೆಗಳನ್ನು ಪ್ರತಿಯೊಂದು ಊರಿನಲ್ಲಿಯೂ ಕೇಳಬಹುದು.

ಇವೆಲ್ಲಕ್ಕೂ ಮಿಗಿಲಾದದ್ದು ಋಣಭಾರ ಪತ್ರ. ಆಸ್ತಿಯ ಮೇಲೆ ಯಾವ ಯಾವ ವರ್ಷ ಯಾವ ಯಾವ ವ್ಯವಹಾರ ನೋಂದಣಿಯಾಗಿದೆ, ಅಡಮಾನವಿದೆಯೆ, ಸಾಲ ತೀರಿದೆಯೆ ಎಂಬುದನ್ನು ಅದು ಹೇಳುತ್ತದೆ. ಈಗ ಇದಕ್ಕಾಗಿ ಕಚೇರಿಯ ಬಾಗಿಲಲ್ಲಿ ಕಾಯಬೇಕಾಗಿಲ್ಲ. ನೋಂದಣಿ ಇಲಾಖೆಯ “ಕಾವೇರಿ” ಎಂಬ ಜಾಲತಾಣದಲ್ಲಿಯೇ ದೊರೆಯುತ್ತದೆ. ನಮ್ಮ ಮನೆಯ ಪತ್ರದಲ್ಲಿ ತಂದೆಯವರು ತೆಗೆದ ಸಾಲವೊಂದು, ಅದು ತೀರಿದ ದಾಖಲೆಯೊಂದು ಬಿಟ್ಟರೆ ಬೇರೇನೂ ಇರಲಿಲ್ಲ. ದಲ್ಲಾಳಿ ಅದನ್ನು ಓದಿ, “ಚಿನ್ನದಂಥ ಪತ್ರ ಸಾರ್, ಒಂದು ಕಳಂಕವಿಲ್ಲ” ಎಂದನು.

ನನಗೆ ಮಾತ್ರ ಒಳಗೊಳಗೇ ನಗು ಬಂದಿತು. ಕಾವೇರಿಯ ಹೆಸರಿನ ಆ ಪತ್ರದಲ್ಲಿ ಕಾವೇರಿಯ ವಿಚಾರವೇ ಇರಲಿಲ್ಲ.

ಕಡುಬಿನ ಬಂಧು

ಸಾಮಾನು ಕಟ್ಟುವಾಗ ಅಡುಗೆಮನೆಯನ್ನು ಕೊನೆಗೆ ಉಳಿಸಿಕೊಳ್ಳಬೇಕೆಂಬುದು ಅನುಭವಿಗಳ ಮಾತು. ಅನುಭವವಿಲ್ಲದ ನಾನು ಅದನ್ನೇ ಮೊದಲು ಕಟ್ಟಿಸಿದೆ. ಮೂರನೆಯ ದಿನಕ್ಕೆ ಮನೆಯಲ್ಲಿ ಒಲೆಯಿಲ್ಲ, ಪಾತ್ರೆಯಿಲ್ಲ; ಇಬ್ಬರಿಗೆ ಹಸಿವು ಮಾತ್ರ ಇತ್ತು. ಪೇಟೆಯ ಹೋಟೆಲುಗಳ ಇಡ್ಲಿ ಸಾಂಬಾರು ನಾಲ್ಕು ದಿನಕ್ಕೆ ಬೇಸರವಾಯಿತು. ಆಗ ತಾಯಿಯನ್ನು ಬೈಲಕುಪ್ಪೆಗೆ ಕರೆದೊಯ್ದೆ.

ಕುಶಾಲನಗರದ ಸೇತುವೆ ದಾಟಿದರೆ ಕೊಡಗು ಮುಗಿದು ಮೈಸೂರು ಜಿಲ್ಲೆ. ಅಲ್ಲಿಂದ ಐದಾರು ಕಿಲೋಮೀಟರು ದೂರದಲ್ಲಿ ಬೈಲಕುಪ್ಪೆ. 1959ರ ಮಾರ್ಚಿಯಲ್ಲಿ ದಲೈ ಲಾಮಾ ಅವರು ಲಾಸಾ ತೊರೆದು ಭಾರತಕ್ಕೆ ಬಂದರು. ಅವರ ಹಿಂದೆ ಸಾವಿರಾರು ಜನ ಬಂದರು. ಅಂದಿನ ಮೈಸೂರು ರಾಜ್ಯವು ಅವರಿಗೆ ಇಲ್ಲಿ ಸುಮಾರು 3,000 ಎಕರೆ ನೆಲವನ್ನು ಗುತ್ತಿಗೆಗೆ ಕೊಟ್ಟಿತು. 1960-61ರಲ್ಲಿ ವಸತಿ ಆರಂಭವಾಯಿತು. ಹಿಮದ ನಾಡಿನವರು ಸೆಕೆಯಲ್ಲಿ, ಆನೆಗಳ ಹಾವಳಿಯ ನಡುವೆ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠ ಆರಂಭವಾಯಿತು. ಅಲ್ಲಿನ ಸ್ವರ್ಣ ದೇವಾಲಯವನ್ನು ನೋಡಲು ಇಂದು ನಾಡಿನ ಎಲ್ಲೆಡೆಯಿಂದ ಜನ ಬರುತ್ತಾರೆ. ಬಂದವರು ಬುದ್ಧನ ದರ್ಶನ ಮಾಡುತ್ತಾರೆ, ಬಳಿಕ ಹೋಟೆಲು ಹುಡುಕುತ್ತಾರೆ.

ನಾವು ಹೊಕ್ಕ ಹೋಟೆಲಿನಲ್ಲಿ ಆರು ಮೇಜು. ಅದನ್ನು ನಡೆಸುವಾಕೆ ಕ್ಯಾಂಪಿನಲ್ಲಿಯೇ ಹುಟ್ಟಿ ಬೆಳೆದವರು. ನಮ್ಮಷ್ಟೇ ಚೆನ್ನಾಗಿ ಕನ್ನಡ ಬಲ್ಲವರು. ತಾಯಿ ಕುರ್ಚಿಯ ಅಂಚಿನಲ್ಲಿ ಕುಳಿತು, “ಇಲ್ಲಿ ನಾನು ತಿನ್ನುವಂಥದ್ದು ಏನಿದೆಯಮ್ಮಾ?” ಎಂದು ಕೇಳಿದರು. ಆಕೆ ನಕ್ಕು, “ಬರೀ ತರಕಾರಿಯದು ಬೇರೆ ಪಾತ್ರೆಯಲ್ಲಿ ಬೇಯಿಸ್ತೀವಿ, ಬನ್ನಿ ಅಜ್ಜಿ, ನೋಡಿ” ಎಂದು ಅಡುಗೆಮನೆಗೇ ಕರೆದೊಯ್ದರು. ತಾಯಿಗೆ ಸಂಕೋಚ ಹೋದುದು ಅಲ್ಲಿಯೇ.

ಮೈದಾ ಹಿಟ್ಟಿನ ಸಣ್ಣ ಉಂಡೆಯನ್ನು ಲಟ್ಟಿಸುವಾಗ ನಡುವೆ ತುಸು ದಪ್ಪ, ಅಂಚು ತೆಳು. ಅದರ ನಡುವೆ ಕೋಸು, ಈರುಳ್ಳಿ, ಶುಂಠಿಯ ಪಲ್ಯವನ್ನಿಟ್ಟು ಸೀರೆಯ ನೆರಿಗೆಯಂತೆ ಮಡಿಸಿ ಮುಚ್ಚುತ್ತಾರೆ. ನಡುವೆ ತೆಳುವಾದರೆ ತಳ ಒಡೆದು ರಸ ಸೋರುತ್ತದೆ. ಅಂಚು ದಪ್ಪವಾದರೆ ನೆರಿಗೆ ಬೇಯುವುದಿಲ್ಲ. ಒಂದರ ಮೇಲೊಂದು ತಟ್ಟೆಯಿರುವ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹಬೆಯ ಮೇಲೆ ಹತ್ತು ಹನ್ನೆರಡು ನಿಮಿಷ ಇಟ್ಟರೆ ಮೊಮೊ ಸಿದ್ಧ. ತಾಯಿ ಒಂದನ್ನು ಬಾಯಿಗಿಟ್ಟು ತೀರ್ಪು ಕೊಟ್ಟರು: “ಇದು ನಮ್ಮ ಕಡುಬೇ ಕಣೋ. ಅಕ್ಕಿಯ ಬದಲು ಮೈದಾ, ಹೂರಣದ ಬದಲು ಕೋಸು.”

ಮರುದಿನದಿಂದ ಅದೇ ನಮ್ಮ ಊಟದ ಮನೆಯಾಯಿತು. ಕುದಿಯುವ ಸಾರಿಗೆ ಹಿಟ್ಟನ್ನು ಕೈಯಿಂದಲೇ ಎಳೆದು ಕಿತ್ತು ಹಾಕುವ ತೆಂತುಕ್ ಮಳೆ ಬಂದ ಸಂಜೆಗೆ ಹೇಳಿ ಮಾಡಿಸಿದಂಥದು. ಹುದುಗಿದ ಹಿಟ್ಟನ್ನು ಪದರ ಪದರವಾಗಿ ಸುತ್ತಿ ಹಬೆಯಲ್ಲಿ ಬೇಯಿಸಿದ ತಿಂಗ್ಮೊ ಹತ್ತಿಯಷ್ಟು ಮೃದು. ಹಲ್ಲಿನ ತೊಂದರೆಯುಳ್ಳ ತಾಯಿಗೆ ಅದೇ ಅಚ್ಚುಮೆಚ್ಚಾಯಿತು. ಬೆಣ್ಣೆ ಮತ್ತು ಉಪ್ಪು ಹಾಕಿ ಕಡೆದ ಚಹಾವನ್ನು ಮಾತ್ರ ಅವರು ಒಂದು ಗುಟುಕಿಗೆ ನಿಲ್ಲಿಸಿ, “ಇದು ಚಹಾ ಎಂದು ತಿಳಿಯದೆ ಕುಡಿದರೆ ಚೆನ್ನಾಗಿದೆ” ಎಂದರು. ಅವರ ಮಾತು ನಿಜ. ತಿಳಿಸಾರೆಂದು ಭಾವಿಸಿ ಕುಡಿದರೆ ಅದರ ರುಚಿ ತಿಳಿಯುತ್ತದೆ.

ಒಂದು ದಿನ ಹೋಟೆಲಿನಾಕೆ, “ದಿನಾ ಬರ್ತೀರಲ್ಲಾ, ಮನೇಲಿ ಏನು ಕೆಲಸ?” ಎಂದು ವಿಚಾರಿಸಿದರು. ಮನೆ ಮಾರುತ್ತಿರುವುದನ್ನು ಹೇಳಿದೆ. ಹೇಳುವಾಗ ನನ್ನ ದನಿ ತಗ್ಗಿತೆಂದು ತೋರುತ್ತದೆ. ಆಕೆ, “ನಮಗೆ ಆ ಕಷ್ಟವೇ ಇಲ್ಲ ಸಾರ್. ನೆಲ ಸರ್ಕಾರದ್ದು, ಮಾರೋ ಹಾಗಿಲ್ಲ. ಅದಕ್ಕೇ ದಲ್ಲಾಳಿಗಳು ನಮ್ಮ ಬೀದಿಗೆ ಬರೋದೇ ಇಲ್ಲ” ಎಂದು ನಕ್ಕರು. ಸ್ವಲ್ಪ ಹೊತ್ತು ಬಿಟ್ಟು, “ಆದರೂ ನಮ್ಮ ಸಾಲಿನಲ್ಲಿ ನಾಲ್ಕು ಮನೆಗೆ ಬೀಗ. ಮಕ್ಕಳು ಹೊರದೇಶಕ್ಕೆ ಹೋದರು. ಕೀಲಿ ನನ್ನ ಹತ್ತಿರ ಇದೆ, ವಾರಕ್ಕೊಮ್ಮೆ ಕಸ ಗುಡಿಸ್ತೀನಿ” ಎಂದರು.

ಮಾರದೆ ಉಳಿಸಿಕೊಂಡರೆ ಮನೆ ಉಳಿಯುತ್ತದೆ ಎಂಬ ಭಾವನೆ ನನ್ನ ಮನಸ್ಸನ್ನು ಆ ತಿಂಗಳೆಲ್ಲಾ ಕುಟುಕುತ್ತಿತ್ತು. ಮಾರಲಾಗದ ಮನೆಯೂ ಬರಿದಾಗಬಲ್ಲದೆಂಬುದು ಆ ದಿನ ತಿಳಿಯಿತು.

ಗೋಡೆಯ ಮೇಲಿನ ಗೆರೆ

ಇನ್ನು ಗೋಡೆಯ ವಿಚಾರ. ಕುಶಾಲನಗರದ ಕೆಳಗೆ ಕೂಡಿಗೆಯಲ್ಲಿ ಹಾರಂಗಿ ಕಾವೇರಿಯನ್ನು ಸೇರುತ್ತದೆ. ಎರಡೂ ತುಂಬಿ ಹರಿದಾಗ ನೀರು ದಡದ ಬಡಾವಣೆಗಳಿಗೆ ನುಗ್ಗುತ್ತದೆ. 2018ರ ಆಗಸ್ಟಿನಲ್ಲಿ ಹಾಗಾಯಿತು; 2019ರ ಆಗಸ್ಟಿನಲ್ಲಿ ಮತ್ತೆ ಆಯಿತು. ಎರಡು ಸಲವೂ ನಮ್ಮ ಮನೆಗೆ ನೀರು ಬಂದಿತು. ನೀರು ಇಳಿದ ಮೇಲೆ ತಂದೆಯವರು ಅಡುಗೆಮನೆಯ ಬಾಗಿಲ ಹಿಂದಿನ ಗೋಡೆಯ ಮೇಲೆ ಅಡ್ಡಗೆರೆ ಎಳೆದು, ಕಪ್ಪುಹಲಗೆಯ ಮೇಲೆ ಬರೆಯುವ ದುಂಡಕ್ಷರದಲ್ಲಿ “ನೀರು ಇಲ್ಲಿಯವರೆಗೆ” ಎಂದು ತಿಂಗಳು, ವರ್ಷ ಸಹಿತ ಬರೆದರು. ಒಂದು ಗೆರೆ ನೆಲದಿಂದ ಒಂದೂವರೆ ಅಡಿ, ಇನ್ನೊಂದು ಎರಡೂವರೆ ಅಡಿ.

ದಲ್ಲಾಳಿಯ ಕಣ್ಣು ಮೊದಲು ಬಿದ್ದುದು ಅಲ್ಲಿಗೇ. “ಸಾರ್, ಒಂದು ಕೋಟು ಪೇಂಟು ಹೊಡೆಸಿಬಿಡಿ. ಮಳೆ ಶುರುವಾಗೋದರೊಳಗೆ ಮಾರಿಬಿಡೋಣ” ಎಂದನು. ಬಣ್ಣದ ಕೆಲಸದವನು ಅವನಿಗಿಂತ ಪ್ರಾಮಾಣಿಕ. ಗೋಡೆಯನ್ನು ಉಗುರಿನಿಂದ ಕೆರೆದು, ಬಿಳಿಯ ಪುಡಿಯನ್ನು ತೋರಿಸಿ, “ಉಪ್ಪು ಬಿಟ್ಟಿದೆ, ಮೇಲೆ ಬಣ್ಣ ನಿಲ್ಲೋದಿಲ್ಲ” ಎಂದನು. ನೀರು ಕುಡಿದ ಇಟ್ಟಿಗೆ, ಗಾರೆಯೊಳಗಿನ ಲವಣ ನೀರಿನಲ್ಲಿ ಕರಗಿ, ಗೋಡೆ ಒಣಗುವಾಗ ಹೊರಮೈಗೆ ಬಂದು ಪುಡಿಯಾಗಿ ನಿಲ್ಲುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಒಂದೆರಡು ಮಳೆಗಾಲದಲ್ಲಿ ಬಣ್ಣ ಹೊಪ್ಪಳೆಯಾಗಿ ಏಳುತ್ತದೆ. ಸಡಿಲವಾದ ಗಾರೆಯನ್ನು ಕೆತ್ತಿ ತೆಗೆದು, ಚೆನ್ನಾಗಿ ಒಣಗಲು ಬಿಟ್ಟು, ಬಳಿಕ ಸುಣ್ಣ ಬಳಿಯುವುದೇ ಸರಿಯಾದ ಕ್ರಮ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಹಾಗೆಯೇ ಮಾಡಿಸಿದೆ. ಒಡೆದ ಹೆಂಚು ಬದಲಾಯಿಸಿದೆ. ಗೆದ್ದಲು ಹಿಡಿದ ಬಾಗಿಲ ಚೌಕಟ್ಟನ್ನು ತೆಗೆಸಿದೆ. ಇವೆಲ್ಲ ಮನೆಗೆ ಮಾಡುವ ಉಪಚಾರ.

ಗೆರೆಯಿದ್ದ ಗೋಡೆಯ ಮುಂದೆ ಮಾತ್ರ ನಾನು ನಿಂತುಬಿಟ್ಟೆ. ದಲ್ಲಾಳಿಯ ಲೆಕ್ಕದಲ್ಲಿ ಆ ಗೆರೆಯ ಬೆಲೆ ನಾಲ್ಕು ಲಕ್ಷ ರೂಪಾಯಿ. ಅಷ್ಟು ಹಣ ನಮಗೆ ಸಣ್ಣದಲ್ಲ. ತಾಯಿಯ ಮಂಡಿಯ ಶಸ್ತ್ರಚಿಕಿತ್ಸೆ ಅದರಲ್ಲಿ ಆಗಬೇಕಾಗಿತ್ತು. ವಕೀಲ ಮಿತ್ರರೊಬ್ಬರನ್ನು ಕೇಳಿದೆ. 1882ರ ಸ್ವತ್ತು ವರ್ಗಾವಣೆ ಅಧಿನಿಯಮದ 55ನೆಯ ಪ್ರಕರಣವನ್ನು ಅವರು ತೆಗೆದು ತೋರಿಸಿದರು. ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ಕಾಣಸಿಗದ ಮುಖ್ಯ ದೋಷವಿದ್ದರೆ ಅದನ್ನು ಮಾರುವವನೇ ತಿಳಿಸಬೇಕು. ನೂರನಲವತ್ತು ವರ್ಷಗಳಿಗೂ ಹಿಂದಿನ ಕಾನೂನು ಇಷ್ಟು ಸ್ಪಷ್ಟವಾಗಿದೆ. ತಾಯಿ ಕಾನೂನು ಕೇಳಲಿಲ್ಲ. “ನಿಮ್ಮಪ್ಪ ಬರೆದದ್ದು ಓದಲಿ ಅಂತ. ಅಳಿಸಬೇಡ” ಎಂದರು, ಅಷ್ಟೆ.

ಮೊಮೊ ತಿಂದು ಮುಗಿದ ವ್ಯಾಪಾರ

ಮೊದಲು ಬಂದವರು ಮನೆಯನ್ನು ಮೆಚ್ಚಿದರು, ಗೆರೆಯನ್ನು ನೋಡಿದರು, “ತಿಳಿಸುತ್ತೇವೆ” ಎಂದು ಹೊರಟರು, ಮತ್ತೆ ತಿಳಿಸಲಿಲ್ಲ. ದಲ್ಲಾಳಿ ಒಂದು ವಾರ ನನ್ನೊಡನೆ ಮಾತು ಬಿಟ್ಟನು.

ಎರಡನೆಯವರು ಸೋಮವಾರಪೇಟೆಯ ಕಡೆಯ ದಂಪತಿಗಳು. ಗಂಡನಿಗೆ ಮನೆಗಳಿಗೆ ವಿದ್ಯುತ್ ತಂತಿ ಎಳೆಯುವ ಉದ್ಯೋಗ. ಅವರು ಬಂದುದು ಮಧ್ಯಾಹ್ನ ಊಟದ ಹೊತ್ತಿಗೆ. “ಮನೆಗೆ ಬಂದವರನ್ನು ಬರಿಹೊಟ್ಟೆಯಲ್ಲಿ ಕಳಿಸುವುದುಂಟೆ?” ಎಂಬುದು ತಾಯಿಯ ಚಿಂತೆ. ಒಲೆಯಿಲ್ಲದ ಮನೆಯ ಯಜಮಾನಿ ಅವರಿಬ್ಬರನ್ನೂ ಬೈಲಕುಪ್ಪೆಯ ಹೋಟೆಲಿಗೆ ಹೊರಡಿಸಿದರು. ಅಲ್ಲಿ ಮೊಮೊ ಬರುವ ಮೊದಲೇ ನಾನು ಎರಡು ವರ್ಷಗಳ ನೀರಿನ ಕಥೆಯನ್ನೆಲ್ಲ ಹೇಳಿದೆ: ಎಷ್ಟು ಬಂದಿತು, ಎಷ್ಟು ದಿನ ನಿಂತಿತು, ಏನು ಹಾಳಾಯಿತು, ಯಾವ ಕಡೆಯಿಂದ ಮೊದಲು ನುಗ್ಗಿತು. ಆತ ಮಾತನಾಡದೆ ಕೇಳಿದರು. ತಿಂದು ಮುಗಿಸಿ ಕೈ ತೊಳೆದು ಬಂದು, “ಇನ್ನೊಂದು ಸಲ ಗೋಡೆ ನೋಡೋಣ ಸಾರ್” ಎಂದರು.

ಮನೆಗೆ ಬಂದು ಆತ ಜೇಬಿನಿಂದ ಅಳತೆಯ ಟೇಪು ತೆಗೆದು ಎರಡನೆಯ ಗೆರೆಯನ್ನು ಅಳೆದರು. “ಸ್ವಿಚ್ಚು ಬೋರ್ಡುಗಳನ್ನೆಲ್ಲ ಇದಕ್ಕಿಂತ ಮೇಲಕ್ಕೆ ಏರಿಸ್ತೀನಿ. ಅಕ್ಕಿ, ಕಾಗದ ಪತ್ರ ಅಟ್ಟಕ್ಕೆ. ಗೊತ್ತಿದ್ದರೆ ಬದುಕಬಹುದು, ಗೊತ್ತಿಲ್ಲದೆ ಹೋದರೇ ಕಷ್ಟ. ಈ ಗೆರೆ ಅಳಿಸಬೇಡಿ” ಎಂದರು. ದಲ್ಲಾಳಿ ಹೇಳಿದ ನಾಲ್ಕು ಲಕ್ಷ ಕಡಿಮೆಯಾಯಿತೆಂಬುದನ್ನು ಮುಚ್ಚಿಡುವುದಿಲ್ಲ. ತಾಯಿಯ ಚಿಕಿತ್ಸೆಗೆ ಅಕ್ಕನೂ ನಾನೂ ಕೈಗೂಡಿಸಿದೆವು. ನೋಂದಣಿಯ ದಿನ ಮೂವರೂ ಹೆಬ್ಬೆಟ್ಟಿನ ಗುರುತು ಕೊಟ್ಟು, ಸಹಿ ಹಾಕಿ, ಕೀಲಿ ಒಪ್ಪಿಸಿದೆವು.

ಮನೆ ಮಾರುವವರಿಗೆ ನನ್ನ ಸಲಹೆ ಎರಡೇ. ಅಡುಗೆಮನೆಯನ್ನು ಕೊನೆಗೆ ಕಟ್ಟಿರಿ. ಗೋಡೆಗೆ ಸುಣ್ಣ ಬಳಿಯಿರಿ, ಅದು ಕಂಡ ನೀರಿಗೆ ಬಳಿಯಬೇಡಿ.

ಈಗ ತಾಯಿ ಮೈಸೂರಿನಲ್ಲಿ ನಮ್ಮೊಡನಿದ್ದಾರೆ. ಹೋಟೆಲಿನಾಕೆ ಹೇಳಿಕೊಟ್ಟ ಕ್ರಮದಲ್ಲಿ ಭಾನುವಾರ ಇಡ್ಲಿ ಪಾತ್ರೆಯಲ್ಲಿ ತಿಂಗ್ಮೊ ಬೇಯಿಸುತ್ತಾರೆ. ಅಲ್ಲಿಯಷ್ಟು ಮೃದುವಾಗುವುದಿಲ್ಲ. ಆಗಸ್ಟಿನಲ್ಲಿ ಮಳೆ ಜೋರಾದ ರಾತ್ರಿ ಮಾತ್ರ ಫೋನಿನಲ್ಲಿ ಆ ಮನೆಯವರನ್ನು ಕೇಳುತ್ತಾರೆ: “ನೀರು ಎಲ್ಲಿಯವರೆಗೆ ಬಂತಪ್ಪಾ?” ಕಳೆದ ಸಲ ಅತ್ತ ಕಡೆಯಿಂದ ಉತ್ತರ ಬಂದಿತು: “ಮೆಟ್ಟಿಲು ಮುಟ್ಟಿಲ್ಲ ಅಮ್ಮ, ನಿದ್ದೆ ಮಾಡಿ.”