ಮನೆಯ ಹುಡುಗ ಕಾಮಿಡಿ ಸ್ಪರ್ಧೆಗೆ ಹೆಸರು ಕೊಟ್ಟರೆ

ಮನೆಯ ಹುಡುಗ ಕಿರಾಅತ್ ಸ್ಪರ್ಧೆಗೆ ಹೆಸರು ಕೊಟ್ಟರೆ ಎಲ್ಲರೂ ತಯಾರಿಗೆ ನಿಲ್ಲುತ್ತಾರೆ. ಭಾಷಣ ಸ್ಪರ್ಧೆಯಾದರೆ ಬಾಯಿಪಾಠ ಮಾಡಿಸಲಿಕ್ಕೆ ಅಕ್ಕ ಉಂಟು, ಕೂತು ಕೇಳಲಿಕ್ಕೆ ಉಮ್ಮ ಉಂಟು. ಅದೇ ಹುಡುಗ "ಹೊಸಬರಿಗೆ ಸ್ಟ್ಯಾಂಡಪ್ ಕಾಮಿಡಿ ಸ್ಪರ್ಧೆ ಉಂಟಂತೆ, ನಾನೂ ಹೋಗ್ತೇನೆ" ಅಂದರೆ? ಉಪ್ಪನಿಗೆ ಸಿಟ್ಟು, ಉಮ್ಮನಿಗೆ ಹೆದರಿಕೆ. "ಉಸ್ತಾದರೇ, ಇದೆಲ್ಲ ಆಗ್ತದಾ?" ಎಂಬ ಪ್ರಶ್ನೆ ಕೊನೆಗೆ ನಮ್ಮಂಥವರ ಹತ್ತಿರ ಬರುತ್ತದೆ.

ಹೆದರಿಕೆ ಸುಮ್ಮನೆ ಬಂದದ್ದಲ್ಲ. 2021ರ ಜನವರಿ 1ರಂದು ಇಂದೋರಿನ ಕೆಫೆಯೊಂದರಲ್ಲಿ ಕಾರ್ಯಕ್ರಮಕ್ಕೆ ಬಂದಿದ್ದ ಮುನವ್ವರ್ ಫಾರೂಕಿಯನ್ನು ಧಾರ್ಮಿಕ ಭಾವನೆಗೆ ಧಕ್ಕೆ ತಂದ ಆರೋಪದಲ್ಲಿ ಬಂಧಿಸಿದರು. ಸುಪ್ರೀಂ ಕೋರ್ಟ್ ಮಧ್ಯಂತರ ಜಾಮೀನು ಕೊಟ್ಟು ಅವರು ಹೊರಗೆ ಬರುವಾಗ ತಿಂಗಳು ದಾಟಿತ್ತು. ಅದೇ ವರ್ಷ ನವೆಂಬರ್ 28ಕ್ಕೆ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಅವರ ಕಾರ್ಯಕ್ರಮವೂ ನಿಂತಿತು. ಮುಂದೆ 2024ರ ಜನವರಿಯಲ್ಲಿ ಹಿಂದಿ ಬಿಗ್ ಬಾಸ್‌ನ 17ನೇ ಆವೃತ್ತಿ ಗೆದ್ದದ್ದೂ ಇವರೇ. ಆದರೆ ತಾಯಂದಿರ ನೆನಪಿನಲ್ಲಿ ಉಳಿದದ್ದು ಗೆದ್ದದ್ದಲ್ಲ, ಜೈಲು.

ಹಾಗಂತ ನಗಿಸುವುದೇ ತಪ್ಪು ಎಂದು ಹೇಳಲಿಕ್ಕೆ ದೀನಿನಲ್ಲಿ ಆಧಾರ ಇಲ್ಲ. ಪ್ರವಾದಿಯವರು (ಸ) ತಮಾಷೆ ಮಾಡುತ್ತಿದ್ದರು, ಅದರಲ್ಲಿಯೂ ಸತ್ಯವನ್ನೇ ಹೇಳುತ್ತಿದ್ದರು. ಒಬ್ಬರು ಬಂದು ಸವಾರಿಗೆ ಒಂಟೆ ಕೇಳಿದಾಗ "ಒಂಟೆಯ ಮರಿ ಕೊಡುತ್ತೇನೆ" ಎಂದರಂತೆ. ಮರಿ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಆತ ಕಂಗಾಲು. ಪ್ರತಿ ಒಂಟೆಯೂ ಒಂದು ಒಂಟೆಗೆ ಮರಿಯೇ ತಾನೇ ಎಂಬುದು ಉತ್ತರ. ಇದರಲ್ಲಿ ಸುಳ್ಳಿಲ್ಲ, ಯಾರಿಗೂ ಅವಮಾನ ಇಲ್ಲ, ಆದರೂ ನಗು ಬರುತ್ತದೆ. ನಗಿಸಲಿಕ್ಕಾಗಿ ಸುಳ್ಳು ಹೇಳುವವನಿಗೆ ಹದೀಸಿನಲ್ಲಿ ಕಟುವಾದ ಎಚ್ಚರಿಕೆ ಉಂಟು. ಒಂದು ಜನ ಇನ್ನೊಂದು ಜನವನ್ನು ಅಪಹಾಸ್ಯ ಮಾಡಬಾರದು ಎಂದು ಸೂರಃ ಹುಜುರಾತ್ ತಡೆಯುತ್ತದೆ. ಹುಡುಗನಿಗೆ ಹೇಳಬೇಕಾದ ಗಡಿ ಇಷ್ಟೇ.

ಉಳಿದದ್ದು ತಯಾರಿಯ ಮಾತು. ಕರಾವಳಿಯವರಾದ ನಾವು ಈಗ ಪಾಠ ಹೇಳುವುದು ಗೋಕಾಕ-ಮೂಡಲಗಿ ಸೀಮೆಯ ಕೌಜಲಗಿಯಲ್ಲಿ. ಇಲ್ಲಿಯವರಿಗೆ ನಗಿಸುವ ಕಲೆ ಹೊಸದಲ್ಲ. ಶ್ರೀಕೃಷ್ಣ ಪಾರಿಜಾತ ಎಂಬ ಬಯಲಾಟದ ನಾಡು ಇದು. ಆಟವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನವರ ಊರು ಕುಲಗೋಡ ಪಕ್ಕದಲ್ಲೇ ಇದೆ. ಆ ಆಟದಿಂದಲೇ ಹೆಸರಾದ ಕಲಾವಿದೆ ಕೌಜಲಗಿ ನಿಂಗಮ್ಮ. ಹಾಡು, ಕಥೆ ಎಲ್ಲರಿಗೂ ಗೊತ್ತಿದ್ದದ್ದೇ. ಆದರೂ ರಾತ್ರಿಯಿಡೀ ಜನ ಏಳದೆ ಕೂರುವುದರಲ್ಲಿ ಭಾಗವತನ ಪಾತ್ರ ದೊಡ್ಡದು. ಅವನು ನಡುವೆ ಬಾಯಿ ಹಾಕಿ ಈ ಊರಿನ, ಇವತ್ತಿನ ಸಂಗತಿ ಎತ್ತುತ್ತಾನೆ. ಎದುರಿಗೆ ಕೂತವರು ಯಾರು ಎಂದು ನೋಡಿ ಮಾತು ಬದಲಿಸುತ್ತಾನೆ. ಸ್ಟ್ಯಾಂಡಪ್‌ಗೆ ಹೊರಟವನು ಕಲಿಯಬೇಕಾದ ಮೊದಲ ಪಾಠ ಇದು.

ಒಂದು ಉದಾಹರಣೆ ನೋಡಿ. ಇದು ರೊಟ್ಟಿಯ ಊರು. ಅಂಗಡಿಯಲ್ಲಿ ನಾವು ಕುಚ್ಚಲಕ್ಕಿ ಕೇಳಿದೆವು. ಭತ್ತ ಕುದಿಸಿ, ಒಣಗಿಸಿ, ಆಮೇಲೆ ಅಕ್ಕಿ ಮಾಡುವುದು ಎಂದು ವಿವರಿಸಿದೆವು. ಅಂಗಡಿಯವರು ಸ್ವಲ್ಪ ಹೊತ್ತು ಯೋಚಿಸಿ ಹೇಳಿದರು: "ಅಲ್ರಿ ಸಾಬ್ರ, ಮೊದಲನೇ ಸಲ ಕುದಿಸಿದಾಗನ ಉಂಡ್ಬಿಟ್ಟಿದ್ರ ಮುಗೀತಿತ್ತಲ್ರಿ!"

ಇದನ್ನು ವೇದಿಕೆಗೆ ಒಯ್ಯುವ ಹುಡುಗ ಬಸ್ಸು ಹತ್ತಿದ್ದು, ಮಳೆ ಬಂದದ್ದು ಎಲ್ಲ ಹೇಳಬಾರದು. ಕೇಳುವವರಿಗೆ ಬೇಕಾದದ್ದು ಎರಡೇ: ನಮಗೆ ಕುಚ್ಚಲಕ್ಕಿಯೇ ಆಗಬೇಕು, ಅದು ಮೊದಲೇ ಒಮ್ಮೆ ಕುದಿದದ್ದು. ಆಮೇಲೆ ಅಂಗಡಿಯವರ ಮಾತು. ನಗು ಬರುವ ಶಬ್ದ ಕೊನೆಗೇ ಬರಬೇಕು, ಅದರ ನಂತರ ಬಾಯಿ ಮುಚ್ಚಬೇಕು. ಜನ ನಗುವಾಗ ಮುಂದಿನ ಮಾತು ಶುರು ಮಾಡಿದರೆ ಎರಡೂ ಹಾಳು. ಮಂಗಳೂರಿನಲ್ಲಿ ಅಕ್ಕಿಯ ವಿವರಣೆ ಬೇಡ, ಬೆಂಗಳೂರಿನಲ್ಲಿ ಬೇಕು.

ಹೊಸಬರಿಗೆ ಸಾಮಾನ್ಯವಾಗಿ ನಾಲ್ಕೈದು ನಿಮಿಷ ಸಿಗುತ್ತದೆ. ಐದು ನಿಮಿಷ ಸಿಕ್ಕಿದರೆ ನಾಲ್ಕಕ್ಕೆ ಮಾತ್ರ ಬರೆಯಲಿ, ಉಳಿದದ್ದು ನಗುವಿಗೆ ಬಿಡಲಿ. ಹತ್ತು ಸಂಗತಿ ಬರೆದು ಮೂರು-ನಾಲ್ಕು ಇಟ್ಟುಕೊಳ್ಳಲಿ. ಗಟ್ಟಿಯಾದದ್ದು ಒಂದು ಮೊದಲಿಗೆ, ಎಲ್ಲಕ್ಕಿಂತ ಒಳ್ಳೆಯದು ಕೊನೆಗೆ. ಕನ್ನಡಿ ಮುಂದೆ ಹೇಳಿದರೆ ಸಾಲದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕೇಳಬೇಕು. ಸ್ಪರ್ಧೆಗೆ ಮೊದಲು ಓಪನ್ ಮೈಕ್ ಸಿಕ್ಕಿದರೆ ಹೋಗಿ ಬರಲಿ. ಅಲ್ಲಿ ಯಾರೂ ನಗದಿದ್ದರೂ ನಷ್ಟ ಇಲ್ಲ, ಯಾವ ಸಾಲು ತೆಗೆಯಬೇಕೆಂದು ಗೊತ್ತಾಗುತ್ತದೆ. ವಾಟ್ಸಾಪಿನಲ್ಲಿ ಬಂದ ಜೋಕು ಮಾತ್ರ ಬೇಡ. ಅದನ್ನು ತೀರ್ಪುಗಾರರೂ ಓದಿರುತ್ತಾರೆ.

ಇನ್ನೊಂದು ಮಾತು. ತುಳು ನಾಟಕದಲ್ಲಿ, ಯಕ್ಷಗಾನದಲ್ಲಿ ಬ್ಯಾರಿ ಪಾತ್ರ ಹಿಂದಿನಿಂದಲೂ ಉಂಟು. ಬಪ್ಪನಾಡು ಕ್ಷೇತ್ರ ಮಹಾತ್ಮೆಯ ಬಪ್ಪ ಬ್ಯಾರಿ ಗೌರವದ ಪಾತ್ರ. ಬೇರೆ ಕಡೆ ನಮ್ಮ ಉಚ್ಚಾರಣೆಯೇ ನಗೆಯ ಸರಕಾದದ್ದೂ ಉಂಟು. ಆ ಪಾತ್ರಗಳನ್ನು ಹೆಚ್ಚಾಗಿ ಬರೆದವರು, ಆಡಿದವರು ಬೇರೆಯವರು. ಮದರಂಗಿ ರಾತ್ರಿಯ ಗಡಿಬಿಡಿ, ಗಲ್ಫಿನಿಂದ ಬಂದವರ ಪೆಟ್ಟಿಗೆ ಬಿಚ್ಚುವಾಗಿನ ಗಲಾಟೆ, ಮೀನು ಸಿಗದ ದಿನದ ಉಪ್ಪನ ಮುಖ, ಇವನ್ನೆಲ್ಲ ಒಳಗಿನಿಂದ ಕಂಡವನೇ ಹೇಳಿದರೆ ಕೇಳುವವರಿಗೆ ನಾವು ಮನೆಮಂದಿಯಾಗಿ ಕಾಣುತ್ತೇವೆ. ನಮ್ಮ ಹುಡುಗ ಮೈಕಿನ ಮುಂದೆ ನಿಲ್ಲುವುದರಿಂದ ಆಗುವ ದೊಡ್ಡ ಪ್ರಯೋಜನ ಇದು.

ಆದ್ದರಿಂದ ಬೈದು ಕೂರಿಸಬೇಡಿ. ಇಶಾ ನಮಾಜ್ ಮುಗಿದು ಊಟ ಆದ ಮೇಲೆ ಮನೆಯಲ್ಲೇ ಐದು ನಿಮಿಷ ನಿಲ್ಲಿಸಿ ಕೇಳಿ. ಯಾರಿಗಾದರೂ ನೋವಾಗುವ ಮಾತಿದ್ದರೆ ಅಲ್ಲೇ ತೆಗೆಸಿ. ನಗು ಬಾರದಿದ್ದರೆ ಬರಲಿಲ್ಲ ಎಂದೇ ಹೇಳಿ, ಮಗ ಎಂದು ಸುಳ್ಳು ನಗು ನಗಬೇಡಿ. ಸ್ಪರ್ಧೆಯ ದಿನ ಉಪ್ಪ ಒಮ್ಮೆ ಹೋಗಿ ಹಿಂದಿನ ಸಾಲಿನಲ್ಲಾದರೂ ಕೂತು ಬರಲಿ.