ಯಂತ್ರಕ್ಕೊಂದು ಕೈಪಿಡಿ

2023ರ ಮಾರ್ಚ್‌ನಲ್ಲಿ ಓಪನ್‌ಎಐ ಸಂಸ್ಥೆ ಚಾಟ್‌ಜಿಪಿಟಿಗೆ ಪ್ಲಗಿನ್ ಜೋಡಿಸುವ ಸೌಲಭ್ಯ ತಂದಿತು. ವಿಮಾನ ಹುಡುಕುವುದು, ದಿನಸಿ ತರಿಸುವುದು ಇಂಥ ಹೊರಗಿನ ಸೇವೆಗಳನ್ನು ಮಾಡೆಲ್ ತಾನೇ ಕರೆಯಬಹುದಿತ್ತು. ಪ್ಲಗಿನ್ ಕಟ್ಟುವವರು ಅದರ ಜೊತೆಗೊಂದು ಪುಟ್ಟ ಫೈಲ್ ಕೊಡಬೇಕಿತ್ತು. ಅದರಲ್ಲಿ ವಿವರಣೆಗೆ ಎರಡು ಜಾಗಗಳಿದ್ದವು: ಒಂದು ಮನುಷ್ಯರು ಓದಲು, ಇನ್ನೊಂದು ಮಾಡೆಲ್ ಓದಲು. ಯಂತ್ರದ ಜೊತೆ ಕೋಡ್‌ನಲ್ಲಷ್ಟೇ ವ್ಯವಹರಿಸಿ ರೂಢಿಯಾದ ಪ್ರೋಗ್ರಾಮರ್‌ಗಳಿಗೆ, ಅದು ಓದಲೆಂದು ಸಾದಾ ಇಂಗ್ಲಿಷ್‌ನಲ್ಲಿ ಪ್ಯಾರಾ ಬರೆಯುವ ಕೆಲಸ ಹೊಸದಾಗಿ ಗಂಟುಬಿತ್ತು.

ಸಾಫ್ಟ್‌ವೇರ್‌ಗೆ ವಿವರಣೆ ಬರೆಯುವ ಪದ್ಧತಿಯೇನೋ ಹಳೆಯದು. 1971ರ ನವೆಂಬರ್‌ನಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಯುನಿಕ್ಸ್‌ನ ಮೊದಲ ಕೈಪಿಡಿ ಹೊರತಂದರು. ಅದರಲ್ಲಿ ಪ್ರತಿ ಕಮಾಂಡ್‌ನ ಹೆಸರು, ಬಳಸುವ ಕ್ರಮ, ಮಾಡುವ ಕೆಲಸ, ಜೊತೆಗೆ ಅದರ ದೋಷಗಳೂ ಇದ್ದವು. ತಮ್ಮ ಸೃಷ್ಟಿಯ ಕುಂದನ್ನು ತಾವೇ ಅಚ್ಚು ಹಾಕಿಸಿದ ಆ ಪ್ರಾಮಾಣಿಕತೆ ಈಗಲೂ ಅಪರೂಪವೇ. ಆದರೆ ಅದನ್ನು ಓದುತ್ತಿದ್ದವರು ಎಂಜಿನಿಯರ್‌ಗಳು. ಅರ್ಥವಾಗದಿದ್ದರೆ ಪಕ್ಕದ ಕೋಣೆಗೆ ಹೋಗಿ ಬರೆದವರನ್ನೇ ಕೇಳಬಹುದಿತ್ತು.

2011ರ ಹೊತ್ತಿಗೆ ಟೋನಿ ಟ್ಯಾಮ್ ಎಂಬುವರ ಸ್ವ್ಯಾಗರ್ ಬಂತು. ಮುಂದೆ ಅದೇ ಓಪನ್‌ಎಪಿಐ ಎಂಬ ಮಾನದಂಡವಾಯಿತು. ಎಪಿಐಗೆ, ಅಂದರೆ ಒಂದು ಪ್ರೋಗ್ರಾಮ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ದ್ವಾರಕ್ಕೆ, ಏನು ಕೊಡಬೇಕು, ಅದರಿಂದ ಏನು ಬರುತ್ತದೆ ಎಂಬುದೆಲ್ಲ ಯಂತ್ರವೂ ಓದಬಲ್ಲ ಅಚ್ಚುಕಟ್ಟಾದ ರೂಪಕ್ಕೆ ಇಳಿಯಿತು. ಅಲ್ಲೂ ವಿವರಣೆಗೊಂದು ಖಾನೆ ಇತ್ತು. ಅದನ್ನು ತುಂಬುತ್ತಿದ್ದುದು ಬಹುತೇಕ ಶಾಸ್ತ್ರಕ್ಕೆ: ಬಳಕೆದಾರನನ್ನು ಪಡೆಯುವ ಎಪಿಐಗೆ ‘ಬಳಕೆದಾರನನ್ನು ಪಡೆಯುತ್ತದೆ’ ಎಂಬ ವಿವರಣೆ. ಖಾಲಿ ಬಿಟ್ಟರೂ ಪ್ರೋಗ್ರಾಮ್ ಓಡುತ್ತಿತ್ತಲ್ಲ, ಯಾರಿಗೆ ಬೇಕಿತ್ತು?

2023ರ ಜೂನ್‌ನಲ್ಲಿ ಓಪನ್‌ಎಐ ‘ಫಂಕ್ಷನ್ ಕಾಲಿಂಗ್’ ತಂದು, ಪ್ರೋಗ್ರಾಮರ್‌ಗಳು ಕೊಟ್ಟ ಫಂಕ್ಷನ್‌ಗಳನ್ನು, ಅಂದರೆ ಟೂಲ್‌ಗಳನ್ನು, ಮಾಡೆಲ್ ಆರಿಸಿ ಕರೆಯುವಂತೆ ಮಾಡಿದಾಗ ಆ ಖಾನೆಗೆ ಬೆಲೆ ಬಂತು. ಅಲ್ಲಿ ಮಾಡೆಲ್‌ನ ಕಣ್ಣಿಗೆ ಬೀಳುವುದು ಟೂಲ್‌ನ ಹೆಸರು, ವಿವರಣೆ, ಕೊಡಬೇಕಾದ ಮಾಹಿತಿಯ ಪಟ್ಟಿ, ಇಷ್ಟೇ. ಒಳಗಿನ ಕೋಡ್ ಕಾಣದು. ಕೇಳೋಣವೆಂದರೆ ಪಕ್ಕದ ಕೋಣೆಯೂ ಇಲ್ಲ. ಯಾವ ಟೂಲ್ ಎತ್ತಿಕೊಳ್ಳಬೇಕು, ಅದಕ್ಕೆ ಏನು ತುಂಬಬೇಕು ಎಂಬುದನ್ನು ಆ ನಾಲ್ಕು ಸಾಲಿನಿಂದಲೇ ತೀರ್ಮಾನಿಸಬೇಕು.

ಇಂಥ ಟೂಲ್‌ಗಳನ್ನು ತಾನೇ ಬಳಸಿ ರೈಲು ಟಿಕೆಟ್ ನೋಡಿಕೊಳ್ಳುವ ಎಐ ಏಜೆಂಟ್ ಒಂದಿದೆ ಎಂದುಕೊಳ್ಳಿ. ‘ನಾಳೆ ಹೋಗೋಕಾಗಲ್ಲ, ಶುಕ್ರವಾರ ಹೋಗ್ತೀನಿ’ ಎಂದು ಪ್ರಯಾಣಿಕ ಹೇಳುತ್ತಾನೆ. ರದ್ದು ಮಾಡುವ ಟೂಲ್‌ಗೆ ‘ಟಿಕೆಟ್ ರದ್ದು ಮಾಡುತ್ತದೆ’ ಎಂದಷ್ಟೇ ಬರೆದಿದ್ದರೆ ಏಜೆಂಟ್ ಅದನ್ನೇ ಒತ್ತಿಬಿಟ್ಟೀತು. ‘ಟಿಕೆಟನ್ನು ಪೂರ್ತಿ ರದ್ದು ಮಾಡುತ್ತದೆ, ರದ್ದಾದದ್ದು ಮರಳಿ ಬಾರದು. ದಿನಾಂಕ ಮಾತ್ರ ಬದಲಾಗಬೇಕಿದ್ದರೆ ಇದನ್ನು ಬಳಸಬೇಡಿ. 10 ಅಂಕಿಯ ಪಿಎನ್‌ಆರ್ ಕೊಡಿ’ ಎಂದಿದ್ದರೆ ಆ ಅನಾಹುತ ತಪ್ಪುವ ಸಂಭವ ಹೆಚ್ಚು. ಟೂಲ್ ಏನು ಮಾಡುತ್ತದೆ ಎಂದು ಬರೆಯುವುದು ಸುಲಭ. ಯಾವಾಗ ಅದನ್ನು ಮುಟ್ಟಬಾರದು ಎಂದು ಬರೆಯಲು, ಬಳಸುವವರು ಎಲ್ಲಿ ಎಡವುತ್ತಾರೆಂದು ಮೊದಲೇ ಗೊತ್ತಿರಬೇಕು. ಈ ಬರವಣಿಗೆಯ ಕಷ್ಟವೆಲ್ಲ ಇರುವುದು ಅಲ್ಲೇ ಎಂಬುದು ನನ್ನ ಎಣಿಕೆ.

ಎಡವಿದ ಕತೆಗಳನ್ನು ಎಐ ಕಂಪನಿ ಆಂಥ್ರಾಪಿಕ್ ತಾನೇ ಹೇಳಿಕೊಂಡಿದೆ. ಅದು ಕಟ್ಟಿದ್ದ ಕೋಡಿಂಗ್ ಏಜೆಂಟ್, ಮೂಲ ಫೋಲ್ಡರ್‌ನಿಂದ ಆಚೆ ಹೋದ ಮೇಲೆ ಫೈಲ್‌ಗಳ ವಿಳಾಸ ತಪ್ಪಿಸುತ್ತಿತ್ತು. ಪ್ರತಿ ಸಲವೂ ಬುಡದಿಂದ ಪೂರ್ತಿ ವಿಳಾಸ ಕೊಡಲೇಬೇಕೆಂದು ಟೂಲನ್ನು ಬದಲಿಸಿದರು; ತೊಂದರೆ ನಿಂತಿತು. ಅದೇ ಸಂಸ್ಥೆಯ ಕ್ಲಾಡ್ ಎಂಬ ಮಾಡೆಲ್‌ಗೆ ವೆಬ್ ಹುಡುಕಾಟ ಬಂದ ಹೊಸತರಲ್ಲಿ ಅದು ಹುಡುಕುವ ಪದಗಳಿಗೆ ಸುಮ್ಮಸುಮ್ಮನೆ ‘2025’ ಸೇರಿಸುತ್ತಿತ್ತು. ಫಲಿತಾಂಶ ಕೆಡುತ್ತಿತ್ತು. ಮದ್ದು ಸಿಕ್ಕಿದ್ದು ಟೂಲ್‌ನ ವಿವರಣೆಯಲ್ಲೇ. ಹಾಗೆಂದು ಉದ್ದುದ್ದ ಬರೆದರೂ ಆಗದು. ಪ್ರತಿ ವಿವರಣೆಯೂ ಮಾಡೆಲ್ ಒಮ್ಮೆಗೆ ಓದಬಲ್ಲ ಪಠ್ಯದಲ್ಲಿ ಪಾಲು ಕೇಳುತ್ತದೆ. ಒಂದನ್ನೊಂದು ಹೋಲುವ ಟೂಲ್‌ಗಳು ಹತ್ತಾರು ಸೇರಿದರೆ ಎಂಥ ಚೆಂದದ ಗದ್ಯವಿದ್ದರೂ ಗೊಂದಲ ತಪ್ಪದು.

2024ರ ನವೆಂಬರ್‌ನಲ್ಲಿ ಆಂಥ್ರಾಪಿಕ್, ಟೂಲ್‌ಗಳನ್ನು ಏಜೆಂಟ್‌ಗೆ ಜೋಡಿಸಲು ಎಂಸಿಪಿ ಎಂಬ ಮುಕ್ತ ಮಾನದಂಡ ಪ್ರಕಟಿಸಿತು. ಯಾರೋ ಬರೆದ ಟೂಲನ್ನು ಇನ್ಯಾರದೋ ಏಜೆಂಟ್ ಬಳಸುವುದು ಸಲೀಸಾಯಿತು. ಅಪರಿಚಿತರ ವಿವರಣೆಯನ್ನು ಮಾಡೆಲ್ ನಂಬಿ ಓದುತ್ತದೆ ಎಂಬ ಸಂಗತಿಯೂ ಅದರ ಬೆನ್ನಿಗೇ ಬಂತು. 2025ರ ಏಪ್ರಿಲ್‌ನಲ್ಲಿ ಇನ್‌ವೇರಿಯಂಟ್ ಲ್ಯಾಬ್ಸ್‌ನ ಸಂಶೋಧಕರು ಎರಡು ಸಂಖ್ಯೆ ಕೂಡುವ ಟೂಲ್ ಒಂದನ್ನು ಮಾಡಿ ತೋರಿಸಿದರು. ವಿವರಣೆಯ ನಡುವೆ, ಬಳಕೆದಾರನ ರಹಸ್ಯ ಕೀಲಿಯ ಫೈಲ್ ಓದಿ ಲೆಕ್ಕದ ಜೊತೆಗೆ ಕಳಿಸು, ಅವನಿಗೆ ಹೇಳಬೇಡ ಎಂಬ ಸೂಚನೆ ಅಡಗಿತ್ತು. ಏಜೆಂಟ್ ಹಾಗೆಯೇ ಮಾಡಿತು. ಪರದೆಯ ಮೇಲೆ ಬಳಕೆದಾರನಿಗೆ ಕಂಡದ್ದು ಕೂಡುವ ಟೂಲ್‌ನ ಸರಳ ರೂಪ ಮಾತ್ರ. ಟೂಲ್‌ನ ಪೂರ್ತಿ ವಿವರಣೆ ಬಳಕೆದಾರನಿಗೂ ಕಾಣಬೇಕು, ಒಮ್ಮೆ ಒಪ್ಪಿಗೆ ಪಡೆದ ಮೇಲೆ ಅದು ಸದ್ದಿಲ್ಲದೆ ಬದಲಾಗುವಂತಿರಬಾರದು ಎಂದು ಆ ಸಂಶೋಧಕರು ಕೇಳಿದರು.